ಸುಧಾರಕ ಗೋಪಾಳ ಗಣೇಶ ಆಗರಕರರು

ಪತ್ರಿಕಾಕರ್ತನ ಧರ್ಮವು ಬಲು ಕಠಿನವಾದುದು. ಓದುಗರಿಗೆ ಪ್ರಿಯವಾದುದನ್ನು ನುಡಿದರೆ ಪತ್ರಿಕೆಯು ಬೆಳೆಯುವುದು. ಹಿತವಾದುದನ್ನು ನುಡಿದರೆ ಅನೇಕ ವೇಳೆ ಪತ್ರಿಕೆಯೂ ಸೊರಗುವುದು, ಅದರ ಕರ್ತನೂ ಸೊರಗುವನು. ಇದನ್ನರಿತೂ ಹಿತವನ್ನೇ ಆರಿಸಿಕೊಂಡವರಲ್ಲಿ ಮಹಾರಾಷ್ಟ್ರದ ಗೋಪಾಳ ಗಣೇಶ ಆಗರಕರರು ಅಗ್ರಗಣ್ಯರು.

ಕೃಷ್ಣಾನದಿಯು ಕನ್ನಡನಾಡನ್ನು ಸೇರುವುದಕ್ಕೆ ಮೊದಲು ಹಾದುಬರುವ ಸಾತಾರಾ ಜಿಲ್ಲೆಯಲ್ಲಿ, ಕರಾಡದ ಸಮೀಪದ ಟೆಂಭೂ ಗ್ರಾಮದಲ್ಲಿ, 1856ನೆಯ ಇಸವಿ ಜುಲೈ 14ರಂದು ಅವರ ಜನನವಾಯಿತು. ಮನೆಯಲ್ಲಿ ಕಡುಬಡತನ. ಕರಾಡ, ಅಕೋಲಾ ಮೊದಲಾದ ಊರುಗಳಲ್ಲಿ ಪರರ ಆಶ್ರಯದಿಂದ ಓದಿ, ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿದರು. ಒಂದೇ ಅಂಗಿಯನ್ನು ರಾತ್ರಿ ಒಗೆದು ಹಗಲು ತೊಡುತ್ತಿದ್ದರೆಂಬ ಮಾತು ಪ್ರಸಿದ್ಧವಾಗಿದೆ. ಎಂ.ಎ. ಪದವಿಗೆ ಆ ಕಾಲದಲ್ಲಿ ದೊಡ್ಡ ಸರಕಾರೀ ಹುದ್ದೆಯು ಸುಲಭಸಾಧ್ಯವಾಗಿತ್ತು. ಆದರೆ ಹೊಟ್ಟೆಗೆ ಸಾಲುವಷ್ಟರಲ್ಲಿಯೇ ತೃಪ್ತನಾಗಿ ಲೋಕಹಿತಕ್ಕೆ ಕಾಲವನ್ನು ಸವೆಸುವೆನೆಂದು ಅವರು ತಾಯಿಗೆ ಪತ್ರ ಬರೆದರು.

1880ರಲ್ಲಿ ವಿಷ್ಣುಶಾಸ್ತ್ರೀ ಚಿಪಳೂಣಕರರೂ ಬಾಳ ಗಂಗಾಧರ ತಿಲಕರೂ ಕೂಡಿ ತೆರೆದ ನ್ಯೂ ಇಂಗ್ಲಿಷ್ ಸ್ಕೂಲಿಗೆ ಆಗರಕರರು ಬಂದು ಸೇರಿದರು. 1881ರ ಜನವರಿಯಲ್ಲಿ ಈ ಮಿತ್ರಮಂಡಲವು ಮರಾಠಿಯಲ್ಲಿ 'ಕೇಸರಿ'ಯನ್ನೂ ಇಂಗ್ಲಿಷಿನಲ್ಲಿ 'ಮರಾಠಾ' ಪತ್ರವನ್ನೂ ಹೊರಡಿಸಿತು. 'ಕೇಸರಿ'ಯ ಮೊದಲ ಸಂಪಾದಕರು ಆಗರಕರರೇ. ಕೊಲ್ಹಾಪುರದ ಬಾಲಮಹಾರಾಜರಿಗೆ ಅನ್ಯಾಯವಾಗುತ್ತಿದೆಯೆಂದು ನಂಬಿ, ಅಲ್ಲಿಯ ದಿವಾಣರ ಮೇಲೆ ಈ ಪತ್ರಗಳು ಆರೋಪ ಹೊರಿಸಿದುವು. ಆಧಾರವಾಗಿದ್ದ ಕಾಗದಗಳು ಕೃತ್ರಿಮವೆಂದು ಹೊರಬಿದ್ದುದರಿಂದ, 1882ರಲ್ಲಿ ತಿಲಕರೂ ಆಗರಕರರೂ ಮುಂಬಯಿಯ ಡೋಂಗರೀ ಕಾರಾಗೃಹದಲ್ಲಿ 101 ದಿನ ಕಳೆಯಬೇಕಾಯಿತು. ಶೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕವನ್ನು 'ವಿಕಾರವಿಲಸಿತ'ವೆಂಬ ಹೆಸರಿನಿಂದ ಮರಾಠಿಗೆ ತರುವ ಕಾರ್ಯದಲ್ಲಿ ಆಗರಕರರು ಅಲ್ಲಿ ತೊಡಗಿದ್ದರು.

ಸೆರೆಮನೆಯು ಬಿಗಿದ ಸ್ನೇಹವನ್ನು ವಿಚಾರಭೇದವು ಸಡಿಲಿಸಿತು. ರಾಜಕೀಯ ಸ್ವಾತಂತ್ರ್ಯವು ಮೊದಲು, ಸಮಾಜದ ತಿದ್ದುಪಡಿಯು ಜನರ ಇಚ್ಛೆಯಿಂದಲೇ ಮೆಲ್ಲಮೆಲ್ಲನೆ ಆಗತಕ್ಕದ್ದು ಎಂಬುದು ತಿಲಕರ ಪಕ್ಷ. ಬಾಲ್ಯವಿವಾಹ, ವಿಧವೆಯರ ಕೇಶವಪನ, ಅಸ್ಪೃಶ್ಯತೆ ಇವುಗಳನ್ನು ಸಹಿಸಿಕೊಂಡಿರುವ ಸಮಾಜಕ್ಕೆ ಸ್ವಾತಂತ್ರ್ಯದ ಯೋಗ್ಯತೆಯೆಲ್ಲಿ ಎಂಬುದು ಆಗರಕರರ ಪಕ್ಷ. ಇತರ ಸುಧಾರಕರು ತಮ್ಮ ಮತಕ್ಕೆ ಸ್ಮೃತಿವಚನಗಳ ಆಧಾರವನ್ನು ಹುಡುಕುತ್ತಿದ್ದರು. ಆಗರಕರರಾದರೋ ಯುಕ್ತಿಯೊಂದನ್ನೇ ಪ್ರಮಾಣವೆಂದು ಹಿಡಿದರು. ಶಾಸ್ತ್ರಾಭ್ಯಾಸಿಗಳಿಗೆ ಈ ಮಾತು ಕಿವಿಗೆ ಕಟುವಾಗಿ ಕೇಳಿಸಬಹುದು. ಆದರೆ ಯುಕ್ತಿಯನ್ನು ಬಿಟ್ಟ ಧರ್ಮನಿರ್ಣಯವನ್ನು ನಮ್ಮ ಧರ್ಮಶಾಸ್ತ್ರಕಾರರೂ ಮೆಚ್ಚಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

'ಕೇಸರಿ'ಯು ಒಬ್ಬರ ಪತ್ರವಲ್ಲ, ಮಂಡಲದ ಪತ್ರ. ಅದರಲ್ಲಿ ತಮ್ಮ ಮತವನ್ನು ನಿಸ್ಸಂಕೋಚವಾಗಿ ಬರೆಯಲಾಗದೆಂದು ಕಂಡಾಗ ಆಗರಕರರು ಮತವನ್ನು ಮೃದುಗೊಳಿಸಲಿಲ್ಲ. 1887ರಲ್ಲಿ ಸಂಪಾದಕತ್ವವನ್ನೇ ತ್ಯಜಿಸಿದರು. ಮರುವರ್ಷ 'ಸುಧಾರಕ'ವನ್ನು ಆರಂಭಿಸಿದರು. ಅದರ ಇಂಗ್ಲಿಷ್ ಭಾಗವನ್ನು ಗೋಪಾಳ ಕೃಷ್ಣ ಗೋಖಲೆಯವರು ನೋಡಿಕೊಂಡರು. 1891ರ ಸಮ್ಮತಿವಯಸ್ಸಿನ ಕಾಯಿದೆಯನ್ನು 'ಸುಧಾರಕ'ವು ಸಮರ್ಥಿಸಿತು, 'ಕೇಸರಿ'ಯು ವಿರೋಧಿಸಿತು. ಪುಣೆಯ ಕರ್ಮಠರು ಆಗರಕರರು ಬದುಕಿರುವಾಗಲೇ ಅವರ ಪ್ರತಿಕೃತಿಯ ಶವಯಾತ್ರೆಯನ್ನು ಹೊರಡಿಸಿದರು. ಆ ಮೆರವಣಿಗೆಯ ಮರುದಿನವೂ ಲೇಖನಿಯು ನಡೆಯಬೇಕಾಗಿತ್ತು; ನಡೆಯಿತು. ಬೀದಿಯಲ್ಲಿ ಇಷ್ಟು ನಿಷ್ಠುರರಾದವರು ಮನೆಯಲ್ಲಿ ಪತ್ನಿ ಯಶೋದಾಬಾಯಿಯವರ ಪೂಜೆವ್ರತಗಳಿಗೆ ಅಡ್ಡಿಮಾಡಲಿಲ್ಲ. ತಮಗೆ ಬೇಡಿದ ವಿಚಾರಸ್ವಾತಂತ್ರ್ಯವನ್ನು ಅವರು ಇತರರಿಗೂ ಕೊಟ್ಟರು.

1892ರಲ್ಲಿ ಅವರು ಫರ್ಗ್ಯುಸನ್ ಕಾಲೇಜಿನ ಪ್ರಿನ್ಸಿಪಾಲರಾದರು. ಆದರೆ ಬಹುಕಾಲದಿಂದ ಪೀಡಿಸುತ್ತಿದ್ದ ಉಬ್ಬಸರೋಗವು ದೇಹವನ್ನು ಜರ್ಜರಗೊಳಿಸಿತ್ತು. 1895ನೆಯ ಜೂನ್ 17ರಂದು, 39 ವರುಷ ತುಂಬುವ ಮೊದಲೇ, ಅವರು ದೇಹವಿಟ್ಟರು. ತಮ್ಮ ಅಂತ್ಯಸಂಸ್ಕಾರದ ವೆಚ್ಚಕ್ಕೆಂದು ಸ್ವಲ್ಪ ಹಣವನ್ನು ಪೊಟ್ಟಣಕಟ್ಟಿ ಇಟ್ಟಿದ್ದರೆಂದು ಚರಿತ್ರಕಾರರು ಹೇಳುತ್ತಾರೆ. ವರ್ಷಗಟ್ಟಲೆ ವಾದಿಸಿದ ತಿಲಕರು 'ಕೇಸರಿ'ಯಲ್ಲಿ ಅವರ ಗುಣಗಳನ್ನು ಸ್ಮರಿಸಿ ಬರೆದರು.

ಋಣವಿಲ್ಲದೆ ಬದುಕಿದವನ ನಾಲಗೆಗೆ ಅಂಜಿಕೆಯಿಲ್ಲ. ಆಗರಕರರು ತಾಯಿಗೆ ಬರೆದ ಪತ್ರದಲ್ಲಿ ಸ್ವೀಕರಿಸಿದ ಬಡತನವೇ ಕಡೆಯವರೆಗೂ ಅವರ ಲೇಖನಿಯನ್ನು ಕಾಯ್ದಿತು.