ಕೋಲಾರ ಸೀಮೆಯ ಬರವೂ ಮಿಷನರಿಗಳೂ

19ನೆಯ ಶತಮಾನದ ಪಾದ್ರಿಗಳು ಕುದುರೆಯನ್ನೇರಿಯೋ ಎತ್ತಿನ ಬಂಡಿಯಲ್ಲಿಯೋ ಹಳ್ಳಿಗಳನ್ನು ಅರಸಿಕೊಂಡು ಹೋಗಿ ಬೋಧಿಸುತ್ತಿದ್ದರು. ಕೋಲಾರ ಸೀಮೆಯಲ್ಲಾದರೋ ಹಳ್ಳಿಗರೇ ಅವರ ಬಾಗಿಲಿಗೆ ಬರುವ ಕಾಲವೊಂದು ಒದಗಿತು. ಅದು 1876-78ರ ಧಾತು-ಈಶ್ವರ ಸಂವತ್ಸರಗಳ ಕ್ಷಾಮ. ಜೀವನದಿಯಿಲ್ಲದೆ ಕೆರೆಗಳನ್ನೇ ನಂಬಿದ್ದ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ರೈತರಿಗೆ ಮಳೆ ತಪ್ಪಿದರೆ ಬೇರೆ ಗತಿಯಿರಲಿಲ್ಲ. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು.

ಆ ಕ್ಷಾಮದಲ್ಲಿ ಮಿಸ್ ಆನ್‌ಸ್ಟಿ ಎಂಬ ಆಂಗ್ಲ ಮಹಿಳೆಯು ಕೋಲಾರದಲ್ಲಿ ತಬ್ಬಲಿಗಳಿಗೆ ಆಶ್ರಯವಿತ್ತರು. 1890ರಲ್ಲಿ ಆ ಸಂಸ್ಥೆಯು ಅಮೆರಿಕದ ಮೆಥಡಿಸ್ಟ್ ಮಿಷನ್ನಿಗೆ ಸೇರಿತು. ಮಕ್ಕಳ ಪ್ರಾಣವುಳಿಯಿತು, ಅವರು ಬೆಳೆದುದು ಹೊಸ ಮತದಲ್ಲಿ. ಹಸಿದ ಕೂಸಿಗೆ ಮತವನ್ನಾರಿಸುವ ಸ್ವಾತಂತ್ರ್ಯವೆಲ್ಲಿಯದು ಎಂದು ಕೇಳುವುದು ನ್ಯಾಯವೇ. ಆದರೆ ಅನ್ನವಿಕ್ಕಿದ ಕೈಯನ್ನು ಮರೆತರೆ ಅದು ಇತಿಹಾಸವೆನಿಸದು.