11 ತಿಂಗಳೇ ಯಾಕೆ? ನಮ್ಮ ಬಾಡಿಗೆ ಅಗ್ರಿಮೆಂಟಿನ ಹಿಂದಿನ ಕಥೆ

ಇವತ್ತಿನ ಎಪಿಸೋಡ್ ನನ್ನ ಮನೆ ಬಾಗಿಲಿಂದಲೇ ಶುರು.

ಎರಡು ವರ್ಷದ ಹಿಂದೆ, ಬೆಂಗಳೂರು. ಒಂದು ಭಾನುವಾರ ಬೆಳಿಗ್ಗೆ ಓನರ್ ಅಂಕಲ್ ಮೇಲಿನ ಮಹಡಿಯಿಂದ ಇಳಿದು ಬಂದ್ರು. "ಮಗ ವಾಪಸ್ ಬರ್ತಿದ್ದಾನಪ್ಪ, ಮುಂದಿನ ಭಾನುವಾರದೊಳಗೆ ಖಾಲಿ ಮಾಡ್ಬಿಡು" ಅಂದ್ರು. ಅಗ್ರಿಮೆಂಟ್ ತೆಗೆದು ನೋಡಿದೆ. 11 ತಿಂಗಳ ಅವಧಿ ಮುಗಿದು ಐದು ತಿಂಗಳಾಗಿತ್ತು. ನಾನು ಬಾಡಿಗೆ ಹಾಕ್ತಿದ್ದೆ, ಅವರು ತಗೋತಿದ್ರು, ಹೊಸ ಪೇಪರ್ ಯಾರೂ ಮಾಡಿಸಿರಲಿಲ್ಲ. ಬಿ.ಕಾಂ.ನಲ್ಲಿ ಬಿಸಿನೆಸ್ ಲಾ ಪಾಸಾದವನು ನಾನು. ಆದರೆ ನನ್ನ ಕೈಲಿದ್ದ ಸ್ಟಾಂಪ್ ಪೇಪರ್ ಏನು ಹೇಳುತ್ತೆ ಅಂತ ಗೊತ್ತಿರಲಿಲ್ಲ. ಆ ರಾತ್ರಿ ಹುಡುಕೋಕೆ ಕೂತೆ.

ಮೊದಲು ಸಿಕ್ಕಿದ್ದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಒಂದು ವರ್ಷ ಮೀರಿದ ಗೇಣಿ ಅಥವಾ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು ಅನ್ನುತ್ತೆ ಅದರ 107ನೇ ಸೆಕ್ಷನ್. 1908ರ ನೋಂದಣಿ ಕಾಯ್ದೆಯೂ ಅದನ್ನೇ ಹೇಳುತ್ತೆ. ನೋಂದಣಿ ಅಂದ್ರೆ ಶುಲ್ಕ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಓಡಾಟ. ಅದನ್ನು ತಪ್ಪಿಸೋಕೆ ಜನ ಕಂಡುಕೊಂಡ ದಾರಿಯೇ ಈ 11 ತಿಂಗಳು.

ಹಾಗಾದ್ರೆ ಬಾಡಿಗೆದಾರರಿಗೆ ರಕ್ಷಣೆ ಬಂದಿದ್ದು ಎಲ್ಲಿಂದ? ಅದಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗಬೇಕು, 1915ಕ್ಕೆ. ಮೊದಲ ಮಹಾಯುದ್ಧದ ಹೊತ್ತು. ಹಡಗು, ಮದ್ದುಗುಂಡು ಕಾರ್ಖಾನೆಗಳಿಗೆ ಸಾವಿರಾರು ಕೆಲಸಗಾರರು ಬಂದ್ರು, ಮನೆ ಮಾಲೀಕರು ಬಾಡಿಗೆ ಏರಿಸಿದ್ರು. ಗಂಡಸರಲ್ಲಿ ಎಷ್ಟೋ ಜನ ಯುದ್ಧಭೂಮಿಯಲ್ಲಿದ್ರು. ಮನೆಯಲ್ಲಿದ್ದ ಹೆಂಗಸರು ಮೇರಿ ಬಾರ್ಬರ್ ಅನ್ನೋ ಗೃಹಿಣಿಯ ಜೊತೆ ನಿಂತು "ಏರಿಸಿದ ಬಾಡಿಗೆ ಕೊಡಲ್ಲ" ಅಂದ್ರು. ಖಾಲಿ ಮಾಡಿಸೋಕೆ ಅಧಿಕಾರಿ ಬಂದ್ರೆ ಗಂಟೆ ಬಾರಿಸಿ ಓಣಿಯವರೆಲ್ಲ ಸೇರುತ್ತಿದ್ರು. ಅದೇ ಡಿಸೆಂಬರ್‌ನಲ್ಲಿ ಬ್ರಿಟನ್ ಸಂಸತ್ತು ಸಾಮಾನ್ಯ ಮನೆಗಳ ಬಾಡಿಗೆಯನ್ನು ಯುದ್ಧ ಶುರುವಾದಾಗಿನ ಮಟ್ಟಕ್ಕೆ ಕಟ್ಟಿಹಾಕಿತು.

ಮೂರೇ ವರ್ಷಕ್ಕೆ, 1918ರಲ್ಲಿ, ಬಾಂಬೆಗೂ ಯುದ್ಧಕಾಲದ ಬಾಡಿಗೆ ಕಾಯ್ದೆ ಬಂತು. ನಮ್ಮಲ್ಲಿ 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯ್ದೆ. ಆದರೆ ಇದಕ್ಕೆ ಇನ್ನೊಂದು ಮುಖವೂ ಇತ್ತು. ಮುಂಬೈನಲ್ಲಿ 1940ರ ಬಾಡಿಗೆಯೇ ದಶಕಗಟ್ಟಲೆ ನಿಂತುಬಿಟ್ಟಿತು, ಮಾಲೀಕರಿಗೆ ರಿಪೇರಿಗೂ ಕಾಸು ಹುಟ್ಟುತ್ತಿರಲಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟೇ ಇದು ನ್ಯಾಯವಲ್ಲ ಅಂದಿತು.

ಕರ್ನಾಟಕದ ಹೊಸ ಬಾಡಿಗೆ ಕಾಯ್ದೆ 1999ರದ್ದು, ಜಾರಿಗೆ ಬಂದಿದ್ದು 2001ರ ಕೊನೆಯ ದಿನ. ಟ್ವಿಸ್ಟ್ ಇಲ್ಲಿದೆ: ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗೆ ಅದು ಅನ್ವಯಿಸಲ್ಲ. ಇವತ್ತು ಆ ದುಡ್ಡಿಗೆ ಇಲ್ಲಿ ಯಾವ ಮನೆ ಸಿಗುತ್ತೆ? ಅಂದ್ರೆ ನಾವು ಮತ್ತೆ 1882ಕ್ಕೇ ವಾಪಸ್.

ಆದರೆ ಆ ಹಳೇ ಕಾಯ್ದೆಯೇ ನನ್ನ ಕೈ ಹಿಡಿಯಿತು. ಅವಧಿ ಮುಗಿದ ಮೇಲೂ ಓನರ್ ಬಾಡಿಗೆ ಸ್ವೀಕರಿಸಿದ್ರೆ, ಬೇರೆ ಕರಾರಿಲ್ಲದಿದ್ದರೆ, ನಾವು ತಿಂಗಳ ಬಾಡಿಗೆದಾರರು. ಬಿಡಿಸಬೇಕಾದ್ರೆ ಕನಿಷ್ಠ 15 ದಿನದ ನೋಟಿಸ್ ಬೇಕು, ಅದೂ ಬರವಣಿಗೆಯಲ್ಲಿ, ಸಹಿ ಹಾಕಿ. ಬಲವಂತವಾಗಿ ಹೊರಹಾಕಿದ್ರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ಆರು ತಿಂಗಳೊಳಗೆ ಸಿವಿಲ್ ಕೋರ್ಟಿಗೆ ಹೋಗಬಹುದು.

ಅಂಕಲ್‌ಗೆ ಮೆಲ್ಲಗೆ ಹೇಳಿದೆ: "ಬರೆದುಕೊಡಿ ಅಂಕಲ್, ಖಾಲಿ ಮಾಡ್ತೀನಿ." ಮುಖ ಸಪ್ಪಗಾಯಿತು, ಆದರೆ ಒಂದು ತಿಂಗಳು ಕೊಟ್ರು. ಅಡ್ವಾನ್ಸಿನಲ್ಲಿ ಮಾತ್ರ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಂಡ್ರು. ಅಗ್ರಿಮೆಂಟಿನಲ್ಲಿ ಹಾಗೇ ಬರೆದಿತ್ತು, ನಾನು ಓದದೇ ಸಹಿ ಹಾಕಿದ್ದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಅನ್ನುತ್ತೆ. ಆದರೆ ಅದು ಮಾದರಿ ಅಷ್ಟೇ, ರಾಜ್ಯ ಕಾನೂನು ಮಾಡಿದರೇನೇ ಅದಕ್ಕೆ ಬೆಲೆ.

ಗ್ಲಾಸ್ಗೋದ ಹೆಂಗಸರ ಹತ್ತಿರ ಗಂಟೆ ಇತ್ತು. ನಮ್ಮ ಹತ್ತಿರ ಇರೋದು ಒಂದು ಪೇಪರ್. ಇವತ್ತು ರಾತ್ರಿ ಅದನ್ನು ಬೀರುವಿನಿಂದ ತೆಗೆದು ಮೂರು ವಿಷಯ ನೋಡಿ: ಅವಧಿ ಯಾವಾಗ ಮುಗಿಯುತ್ತೆ, ನೋಟಿಸ್ ಎಷ್ಟು ದಿನ, ಅಡ್ವಾನ್ಸಿನಲ್ಲಿ ಏನೇನು ಮುರ್ಕೋಬಹುದು. ಮುಂದಿನ ವಾರ ಸಿಗೋಣ.