ಸೋಂಪುರ ಸೀಮೆಯಲ್ಲಿ ಸಂತಾನಹರಣ: ಹೋರಿಯಿಂದ ಸಾಕುನಾಯಿಯವರೆಗೆ

ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯಲ್ಲಿ, ಶಿವಗಂಗೆ ಬೆಟ್ಟದ ಆಸುಪಾಸಿನ ಊರುಗಳಲ್ಲಿ, ಪ್ರಾಣಿಯ ಸಂತಾನಶಕ್ತಿಯನ್ನು ತೆಗೆಯುವುದು ಹೊಸ ಸಂಗತಿಯೇನಲ್ಲ. ಅದನ್ನು ನಾಯಿಗೆ ಮಾಡಿಸುವುದಷ್ಟೇ ಹೊಸದು. ಹೋರಿಯ ಬೀಜ ಒಡೆಸಿ, ನೊಗಕ್ಕೆ ಪಳಗುವ ಎತ್ತನ್ನಾಗಿ ಮಾಡಿಕೊಳ್ಳುವುದು ಬೇಸಾಯದ ವಾಡಿಕೆಯ ಕೆಲಸವಾಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದೂ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದೂ ಹೆಸರಾದ ಅರಮನೆಯ ರಾಸು ಇಲಾಖೆಯು ಫಿರಂಗಿ ಎಳೆಯುವ ಎತ್ತುಗಳನ್ನು ದಂಡಿಗೆ ಒದಗಿಸುತ್ತಿದ್ದುದೂ ಇದೇ ವಿದ್ಯೆಯ ಬಲದಿಂದ. ಕೋಲುಗಳ ನಡುವೆ ಒತ್ತಿ ಜಜ್ಜುವ ಹಳೆಯ ಕ್ರೂರ ಕ್ರಮದ ಜಾಗಕ್ಕೆ 20ನೆಯ ಶತಮಾನದಲ್ಲಿ ಬರ್ಡಿಜೊ ಇಕ್ಕಳ, ಅಂದರೆ ಚರ್ಮ ಸೀಳದೆ ವೃಷಣದ ನಾಳಗಳನ್ನು ಮಾತ್ರ ಹಿಸುಕುವ ಇಟಲಿ ಮೂಲದ ಸಾಧನ, ಪಶು ಆಸ್ಪತ್ರೆಗಳ ಮೂಲಕ ಬಂದಿತು.

ಈ ವಿದ್ಯೆ ನಾಯಿಯ ಹತ್ತಿರ ಸುಳಿಯದಿದ್ದುದಕ್ಕೆ ನಾಯಿಯ ಮೇಲಿನ ತಾತ್ಸಾರವೇ ಕಾರಣವೆನ್ನುವುದು ಸರಿಯಲ್ಲ. ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ಬೇಟೆನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟುಕೊಟ್ಟ 10ನೆಯ ಶತಮಾನದ ಆತಕೂರು ಶಾಸನ ಇದೇ ಹಳೆಯ ಮೈಸೂರು ಸೀಮೆಯದು. ನಾಯಿಗೆ ನೊಗವಿಲ್ಲ, ಆದ್ದರಿಂದ ಅದನ್ನು ಸಾಧುಗೊಳಿಸಿ ಪಡೆಯುವ ಲಾಭವೂ ಇರಲಿಲ್ಲವೆಂಬುದು ಒಂದು ಕಾರಣ. ಇದಕ್ಕಿಂತ ಮುಖ್ಯವಾದದ್ದು ದೇಹರಚನೆಗೆ ಸೇರಿದ್ದು. ಗಂಡಿನ ವೃಷಣ ಹೊರಗಿದ್ದು ಹಳ್ಳಿಯ ಕೈಗೆ ಎಟುಕುತ್ತದೆ, ಆದರೆ ಹೆಣ್ಣುನಾಯಿಯ ಅಂಡಾಶಯ ಮತ್ತು ಗರ್ಭಕೋಶವನ್ನು ತೆಗೆಯಲು ಹೊಟ್ಟೆಯನ್ನೇ ತೆರೆಯಬೇಕು; ಅರಿವಳಿಕೆಯೂ ಸೋಂಕುನಿವಾರಣೆಯೂ ತಿಳಿಯದ ಕಾಲದಲ್ಲಿ ಅದು ಕೊಲ್ಲುವುದಕ್ಕೆ ಸಮ. ನಾಯಿಗಳ ಸಂಖ್ಯೆಯನ್ನು ನಿರ್ಧರಿಸುವುದು ಹೆಣ್ಣೇ, ಏಕೆಂದರೆ ಉಳಿದೊಂದು ಗಂಡು ಬೆದೆಗೆ ಬಂದ ಹಲವು ಹೆಣ್ಣುಗಳಿಗೆ ಸಾಕಾಗುತ್ತದೆ. ಹೀಗಾಗಿ ಹಳ್ಳಿಗೆ ಗೊತ್ತಿದ್ದ ಚಿಕಿತ್ಸೆ ನಾಯಿಯ ಸಮಸ್ಯೆಗೆ ಉಪಯೋಗಕ್ಕೆ ಬರಲಿಲ್ಲ. ಕಾರ್ತಿಕದ ಬೆದೆಯ ಅರವತ್ತುಮೂರು ದಿನಗಳ ಆಚೆ ಹುಟ್ಟಿದ ಮರಿಗಳಲ್ಲಿ ಗಂಡನ್ನು ಉಳಿಸಿಕೊಂಡು, ಹೆಣ್ಣುಮರಿಗಳನ್ನು ಊರಾಚೆ ಬಿಟ್ಟುಬರುವ ರೂಢಿಯೇ ಪರಿಹಾರವೆನಿಸಿತು.

ಸರ್ಕಾರ ನಾಯಿಯತ್ತ ನೋಡಿದ್ದು ರೇಬೀಸ್‌, ಅಂದರೆ ಹುಚ್ಚುನಾಯಿ ರೋಗದ ಕಣ್ಣಿನಿಂದ. ದಕ್ಷಿಣ ಭಾರತಕ್ಕಾಗಿ ಕೂನೂರಿನಲ್ಲಿ 1907ರಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಯಿತು. ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಸೆಂಪಲ್ ಲಸಿಕೆಯನ್ನು ಹೊಟ್ಟೆಯ ಸುತ್ತ 14 ಸಲ ಚುಚ್ಚಿಸಿಕೊಳ್ಳಬೇಕಾದ ಭಯವು, ದೇಶದಲ್ಲಿ ಅದರ ತಯಾರಿಕೆ 2004ರ ಕೊನೆಗೆ ನಿಲ್ಲುವವರೆಗೂ ಜನರ ಮಾತಿನಲ್ಲಿ ಉಳಿದಿತ್ತು. ನಗರಸಭೆಗಳಿಗೆ ತೋಚಿದ ದಾರಿ ಹಿಡಿದು ಕೊಲ್ಲುವುದು. ಕೊಂದ ಜಾಗಕ್ಕೆ ಬೇರೆ ನಾಯಿಗಳು ಬರುತ್ತವೆಂಬ ಅನುಭವದ ಮೇಲೆ ಚೆನ್ನೈಯ ಪ್ರಾಣಿದಯಾ ಸಂಸ್ಥೆ ಬ್ಲೂ ಕ್ರಾಸ್ 1960ರ ದಶಕದಿಂದ ಪ್ರತಿಪಾದಿಸಿದ ಸಂತಾನ ನಿಯಂತ್ರಣವು 2001ರಲ್ಲಿ ಕೇಂದ್ರದ ನಿಯಮಾವಳಿಯಾಯಿತು: ನಾಯಿಯನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಗುರುತಿಗೆ ಕಿವಿ ಕತ್ತರಿಸಿ, ಹಿಡಿದ ಜಾಗದಲ್ಲೇ ಬಿಡುವುದು. 2007ರ ಆರಂಭದಲ್ಲಿ ಬೆಂಗಳೂರಿನಲ್ಲಿ ಇಬ್ಬರು ಮಕ್ಕಳು ನಾಯಿದಾಳಿಗೆ ಬಲಿಯಾದಾಗ ನಗರ ಮತ್ತೆ ಕೊಲ್ಲುವ ದಾರಿಗೇ ಹೊರಳಿತು. ನಿಯಮದ ಬಲ ಜನರ ಭಯದ ಮುಂದೆ ಎಷ್ಟರಮಟ್ಟಿನದೆಂಬುದು ಆಗ ಕಂಡಿತು. 2023ರ ಹೊಸ ನಿಯಮಗಳೂ ಅದೇ ಚೌಕಟ್ಟನ್ನು ಉಳಿಸಿಕೊಂಡಿವೆ.

ಈ ನಿಯಮಗಳು ನಾಯಿಗಳನ್ನು ಎರಡು ವರ್ಗ ಮಾಡಿ, ಬೀದಿನಾಯಿಯ ಹೊಣೆಯನ್ನು ಸ್ಥಳೀಯ ಸಂಸ್ಥೆಗೂ ಸಾಕುನಾಯಿಯ ಹೊಣೆಯನ್ನು ಮಾಲೀಕರಿಗೂ ವಹಿಸಿದವು. ಸಾಕುನಾಯಿಗೆ ಸಂತಾನಹರಣ ಮಾಡಿಸಬೇಕೇ ಎಂದು ಮನೆಯವರು ಕೂತು ನಿರ್ಧರಿಸಬೇಕಾದ ಪ್ರಶ್ನೆಯೊಂದು ಹುಟ್ಟಿದ್ದು ಇಲ್ಲಿಂದ. ಕಬ್ಬನ್ ಆಡಳಿತದ ಅಧಿಕಾರಿ ಡಾಬ್ಸ್‌ನ ಹೆಸರು ಹೊತ್ತ ದಾಬಸ್‌ಪೇಟೆಯ ಬಳಿ ಹೆದ್ದಾರಿಯೂ ಕೈಗಾರಿಕಾ ಪ್ರದೇಶವೂ ಬೆಳೆದು, ಹೊಲಗಳ ನಡುವೆ ಕಾಂಪೌಂಡ್ ಮನೆಗಳು ಎದ್ದಿರುವ ಸೋಂಪುರದಂಥ ಕಡೆ ಈ ಪ್ರಶ್ನೆ ಇನ್ನಷ್ಟು ತೊಡಕಿನದು. ಜನ ಪಮೇರಿಯನ್ ಎಂದೇ ಕರೆಯುವ ಬಿಳಿಯ ಸ್ಪಿಟ್ಜ್, 2003ರ ಮೊಬೈಲ್ ಜಾಹೀರಾತಿನಿಂದ ‘ಹಚ್ ನಾಯಿ’ಯಾದ ಪಗ್, ಇಂಥ ಪುಟ್ಟ ನಾಯಿಗಳು ಗೇಟಿನ ಒಳಗಿದ್ದರೂ ಬೆದೆಯ ವಾಸನೆ ಗೇಟಿನಲ್ಲಿ ನಿಲ್ಲುವುದಿಲ್ಲ, ಮತ್ತು ದೊಡ್ಡ ಬೀದಿನಾಯಿಯಿಂದ ಗಬ್ಬವಾದ ಸಣ್ಣ ಹೆಣ್ಣಿಗೆ ಹೆರಿಗೆಯೇ ಪ್ರಾಣಕ್ಕೆ ಬರಬಹುದು.

ಚಿಕಿತ್ಸೆಗೆ ಮುಂಚೆ ಒಂದು ಸೂಲಾದರೂ ಆಗಲಿ ಎಂಬ ಮಾತಿಗೆ ವೈದ್ಯಕೀಯ ಆಧಾರವಿಲ್ಲ. ಮೊದಲ ಬೆದೆಗೆ ಮುಂಚೆ ಚಿಕಿತ್ಸೆ ಮಾಡಿಸಿದ ಹೆಣ್ಣುಗಳಲ್ಲಿ ಸ್ತನಗೆಡ್ಡೆಯ ಸಾಧ್ಯತೆ ಮಾಡಿಸದವುಗಳ ಶೇ. 0.5ರಷ್ಟು, ಎರಡು ಬೆದೆಗಳ ನಂತರವಾದರೆ ಶೇ. 26ರಷ್ಟು ಎಂದು 1969ರ ಅಮೆರಿಕದ ಅಧ್ಯಯನವೊಂದು ಲೆಕ್ಕಹಾಕಿತು. ಆ ಪುರಾವೆ ದುರ್ಬಲವೆಂದು 2012ರ ಪರಾಮರ್ಶೆಯೊಂದು ಟೀಕಿಸಿದರೂ, ಗರ್ಭಕೋಶದಲ್ಲಿ ಕೀವು ತುಂಬಿ ಸಾಯುವ ರೋಗದ ಅಪಾಯ ತಪ್ಪುವುದರಲ್ಲಿ ವಿವಾದವಿಲ್ಲ. ಬೇಗನೆ ಚಿಕಿತ್ಸೆಯಾದ ದೊಡ್ಡ ತಳಿಗಳಲ್ಲಿ ಕಾಣುವ ಕೀಲುರೋಗದ ಹೆಚ್ಚಳ ಸಣ್ಣ ತಳಿಗಳಲ್ಲಿ ಬಹುಮಟ್ಟಿಗೆ ಕಾಣದೆಂದು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ 2020ರ ಅಧ್ಯಯನ ತೋರಿಸಿತು. ಚಿಕಿತ್ಸೆಯ ನಂತರ ಮೈ ಬರುವುದು ನಿಜ, ಅದಕ್ಕೆ ಊಟ ತಗ್ಗಿಸಬೇಕು. ಇಷ್ಟಾದರೂ ಬಹಳ ಮನೆಗಳಲ್ಲಿ ಈ ನಿರ್ಧಾರ ವೈದ್ಯರವರೆಗೆ ಹೋಗುವುದಿಲ್ಲ, ಏಕೆಂದರೆ ಮರಿ ತರುವಾಗಲೇ ಗಂಡುಮರಿ ಬೇಕೆಂದು ಕೇಳಿ ತಂದಿರುತ್ತಾರೆ. ಅದೇ ಸೂಲಿನ ಹೆಣ್ಣುಮರಿಗಳು ಹೆದ್ದಾರಿ ಬದಿಯ ಬೀದಿನಾಯಿಗಳ ಲೆಕ್ಕಕ್ಕೆ ಸೇರಿ, ಪಂಚಾಯತಿಯ ಹೊಣೆಯಾಗುತ್ತವೆ.